ಎರಡೇ ಸಲ ಕರೆದ ದನಿ

ತೂತುಕುಡಿ ಕಡೆಯ ಮುಳ್ಳುವಿಳೈ ಊರಿನ ಉಪ್ಪಿನಾಗರದಲ್ಲಿ ಒಂದು ಕಟ್ಟುಪಾಡಿತ್ತು. ಸೂರ್ಯ ನೆತ್ತಿಗೇರಿದ ಹೊತ್ತಿನಲ್ಲಿ ಯಾರಾದರೂ ಕರೆದರೆ ಓಗೊಡಬಾರದು. ಒಂದು ಸಲ ಕರೆದರೆ ಸುಮ್ಮನಿರಬೇಕು. ಎರಡನೇ ಸಲ ಕರೆದರೂ ಸುಮ್ಮನಿರಬೇಕು. ಮೂರನೇ ಸಲವೂ ಕರೆದರೆ ಮಾತ್ರ ‘ಓ’ ಅನ್ನಬೇಕು. ಜೀವ ಇರುವವರು ಮೂರು ಸಲ ಕರೆಯುತ್ತಾರೆ, ಜೀವ ಇಲ್ಲದವರಿಗೆ ಎರಡು ಸಲಕ್ಕೇ ಉಸಿರು ಮುಗಿದುಹೋಗುತ್ತದೆ. ಹಾಗಂತ ಅಲ್ಲಿಯವರ ನಂಬಿಕೆ.

ಪೇಚ್ಚಿಯಮ್ಮಾಳ್ ಈ ಮಾತನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಆಮೇಲೆ ಆಗರಕ್ಕೆ ಹೊಸದಾಗಿ ಬಂದ ಹೆಂಗಸರಿಗೆಲ್ಲ ಅವಳೇ ಕಲಿಸಿದಳು. ಸಿಂಬೆ ಸುತ್ತುವುದು ಹೇಗೆ, ಉಪ್ಪಿನ ಬುಟ್ಟಿ ತಲೆಗೇರಿಸುವಾಗ ಕುತ್ತಿಗೆ ಹೇಗಿರಬೇಕು, ಹಿಮ್ಮಡಿ ಬಿರಿದರೆ ಯಾವ ಎಣ್ಣೆ ಸವರಬೇಕು, ಇದೆಲ್ಲ ಹೇಳಿಕೊಟ್ಟು, ಕೊನೆಗೆ ದನಿ ತಗ್ಗಿಸಿ ಇದನ್ನೂ ಹೇಳುತ್ತಿದ್ದಳು. ತನ್ನ ಸೊಸೆ ಉಲಗಮ್ಮಾಳಿಗೂ ಹೇಳಿದ್ದಳು, ಮದುವೆಯಾಗಿ ಬಂದ ಹೊಸದರಲ್ಲೇ.

ಆಗರ ನೋಡಿದವರಿಗೆ ಆ ಹೆದರಿಕೆ ಅರ್ಥವಾಗುತ್ತದೆ. ಕಣ್ಣು ಹಾಯುವಷ್ಟು ದೂರ ಬೆಳ್ಳಗೆ, ಸಪಾಟು. ಮರವಿಲ್ಲ, ನೆರಳಿಲ್ಲ, ಹಕ್ಕಿಯ ಸದ್ದೂ ಇಲ್ಲ. ಬೆಳಕು ಹರಿಯುವ ಮೊದಲೇ ಕೆಲಸ ಶುರುವಾಗಿ, ಬಿಸಿಲೇರುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ಮನೆ ಸೇರುತ್ತಾರೆ. ಹಿಂದುಳಿದವರ ಕಣ್ಣೆದುರು ಬಿಸಿಲ್ಗುದುರೆ ಕುಣಿಯುತ್ತದೆ. ದೂರದಲ್ಲಿ ನಡೆದು ಬರುವವರು ನೆಲ ಬಿಟ್ಟು ತೇಲಿದಂತೆ ಕಾಣುತ್ತಾರೆ. ಒಮ್ಮೊಮ್ಮೆ ಸೊಂಟದಿಂದ ಕೆಳಗೆ ಅವರಿಗೆ ಏನೂ ಇರುವುದಿಲ್ಲ. ಕರೆದ ದನಿ ಯಾವ ದಿಕ್ಕಿನಿಂದ ಬಂತು ಅಂತ ಹೇಳಲು ಬರುವುದಿಲ್ಲ.

ಆ ವರ್ಷ ತಾಳೆಮರಗಳಲ್ಲಿ ಸಿಹಿಯಾದ ಪದನೀರು ಇಳಿಯಲು ಶುರುವಾದಾಗ, ಆಗರದಲ್ಲಿ ದನಿಯೂ ಶುರುವಾಯಿತು.

“ಅತ್ತೇ…”

ಹೆಣ್ಣಿನ ದನಿ. ಬಿರುಕುಬಿಟ್ಟ ಮಡಕೆಯೊಳಗಿಂದ ಬಂದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಮೊದಲಿಗಿಂತ ಸಣ್ಣಗೆ, “ಅತ್ತೇ…” ಅಷ್ಟೇ. ಮೂರನೆಯದು ಬರುತ್ತಿರಲಿಲ್ಲ.

ಆಗರದ ಹೆಂಗಸರಲ್ಲಿ ಅರ್ಧಕ್ಕರ್ಧ ಯಾರಿಗೋ ಅತ್ತೆಯರೇ. ಯಾರನ್ನು ಕರೆಯಿತು ಅಂತ ಹೇಳುವುದು? ಬುಟ್ಟಿ ಹೊತ್ತವರು ಹೊತ್ತ ಹಾಗೇ ನಿಂತುಬಿಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪೇಚ್ಚಿಯಮ್ಮಾಳ್ ಬಗ್ಗಿ ಒಂದು ಉಪ್ಪಿನ ಹರಳು ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು.

“ಪೂರಣಂ,” ಅಂತ ಕೊನೆಗೆ ಯಾರೋ ಪಿಸುಗುಟ್ಟುತ್ತಿದ್ದರು.

ಪೂರಣಂ ಅಂದರೆ ಬಹಳ ವರ್ಷಗಳ ಹಿಂದೆ ಅದೇ ಆಗರದಲ್ಲಿ ಉಪ್ಪು ಹೊರುತ್ತಿದ್ದ ಎಳೆಯ ಸೊಸೆ. ಒಂದು ಮಟಮಟ ಮಧ್ಯಾಹ್ನ ಪಾತಿಗಳ ಆಚೆ ಸತ್ತು ಬಿದ್ದಿದ್ದಳು. ಬಿಸಿಲು ಬಡಿಯಿತು ಅಂದರು ಕೆಲವರು. ಉಳಿದವರು ಬೇರೆ ಹೇಳಿದರು. ಆ ಮಧ್ಯಾಹ್ನವೂ ಆಗರದಲ್ಲಿ ಯಾರೋ ‘ಅತ್ತೇ’ ಅಂತ ಎರಡು ಸಲ ಕರೆದದ್ದು ಪೇಚ್ಚಿಗೆ ಇನ್ನೂ ನೆನಪಿತ್ತು. ದೆವ್ವ ಕರೆಯಿತು, ಪೂರಣಂ ಓಗೊಟ್ಟು ಅದರ ಹಿಂದೆ ಹೋದಳು ಅಂತಲೇ ಎಲ್ಲರೂ ತಿಳಿದಿದ್ದರು. ಈಗ ಅವಳೂ ದೆವ್ವವಾಗಿ ಕರೆಯುತ್ತಿದ್ದಾಳೆ ಅಂತ ಅವರ ಹೆದರಿಕೆ.

ಇದು ಆಗರದ ಮಾತಾಯಿತು. ಪೇಚ್ಚಿಯ ಮನೆಯೊಳಗೆ ಇನ್ನೊಂದು ನಡೆಯುತ್ತಿತ್ತು.

ಒಂದು ಸಂಜೆ ಪೇಚ್ಚಿ ಸಾರನ್ನ ಬಾಯಿಗಿಟ್ಟಳು. ತುತ್ತು ಗಂಟಲಲ್ಲೇ ನಿಂತಿತು. ಉಪ್ಪೇ ಇಲ್ಲ.

“ಏನೇ ಉಲಗು, ಉಪ್ಪು ಹೊರೋ ಮನೇಲಿ ಉಪ್ಪಿಗೇ ಬರವಾ?”

ಉಲಗಮ್ಮಾಳ್ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮಾತು ಅವಳಿಗೆ ಮುಟ್ಟಲು ಹೊತ್ತು ಹಿಡಿಯಿತು, ಆಳದ ಬಾವಿಗೆ ಬಿದ್ದ ಕಲ್ಲಿನ ಸದ್ದು ತಡವಾಗಿ ಬಂದ ಹಾಗೆ.

“ಹಾಕಿದೆ ಅಂದ್ಕೊಂಡೆ ಅತ್ತೆ.”

“ರುಚಿ ನೋಡ್ಲಿಲ್ವಾ?”

“ನೋಡಿದೆ. ಎಲ್ಲಾ ಒಂದೇ ಥರ ಇರುತ್ತೆ.”

ಮರುದಿನವೂ ಉಪ್ಪಿಲ್ಲ. ಅದರ ಮರುದಿನವೂ ಇಲ್ಲ. ಗಾಳಿ ದೆವ್ವಗಳಿಗೆ ಎಡೆ ಇಡುವ ಅನ್ನಕ್ಕೆ ಉಪ್ಪು ಹಾಕುವುದಿಲ್ಲ. ಉಪ್ಪು ಅವಕ್ಕೆ ಆಗದು. ಆ ಊರಿನಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಹಾಗಾದರೆ ತನ್ನ ಒಲೆಯ ಮುಂದೆ ಕೂತು ಅಡುಗೆ ಮಾಡುತ್ತಿರುವುದು ಯಾರು?

ಒಮ್ಮೆ ಆ ಅನುಮಾನ ಹೊಕ್ಕ ಮೇಲೆ ಎಲ್ಲವೂ ಅದಕ್ಕೇ ಕೂಡಿಬಂತು. ಉಲಗಮ್ಮಾಳ್ ಇನ್ನೂ ಕತ್ತಲಿರುವಾಗಲೇ ಎಚ್ಚರಗೊಂಡು ಸೂರು ನೋಡುತ್ತಾ ಮಲಗಿರುತ್ತಿದ್ದಳು. ತಲೆ ಬಾಚುತ್ತಿರಲಿಲ್ಲ. ಮೊದಲು ಪಾತ್ರೆ ತೊಳೆಯುವಾಗಲೂ ರೇಡಿಯೋದ ಜೊತೆ ಹಾಡುತ್ತಿದ್ದವಳು, ಈಗ ರೇಡಿಯೋ ಹಾಡುತ್ತಿದ್ದರೆ ಎದ್ದು ಹೋಗಿ ಆರಿಸುತ್ತಿದ್ದಳು. ಆಗರಕ್ಕೆ ಬಂದರೆ ಬುಟ್ಟಿ ಎತ್ತುವ ಮೊದಲೇ ಕೈ ಗಡಗಡ ನಡುಗುವುದು, ಎದೆ ಹಿಡಿದುಕೊಂಡು ಬಾಯಿ ಬಿಟ್ಟು ಉಸಿರೆಳೆಯುವುದು. ಮೇಸ್ತ್ರಿ ಗದರಿದ ಮೇಲೆ ಕೆಲಸವನ್ನೂ ಬಿಟ್ಟಳು. ಅಳುತ್ತಿದ್ದಳೇ ಅಂದರೆ ಅದೂ ಇಲ್ಲ. ಅತ್ತಿದ್ದರೆ ಪೇಚ್ಚಿಗೆ ಸಮಾಧಾನವಾಗುತ್ತಿತ್ತು.

ಮಗ ಸುಡಲೈಮುತ್ತು ಉಪ್ಪಿನ ಲಾರಿ ಓಡಿಸುತ್ತಿದ್ದ. ಕೇರಳಕ್ಕೆ ಹೋದರೆ ಬರುವುದು ಯಾವಾಗಲೋ. ಫೋನಿನಲ್ಲಿ ಹೇಳಿದರೆ ಅವನದು ಒಂದೇ ಪಲ್ಲವಿ.

“ನಾನೇನಮ್ಮಾ ಕಮ್ಮಿ ಮಾಡಿದೀನಿ ಅವಳಿಗೆ? ಟೀವಿ ಇದೆ, ಫ್ಯಾನ್ ಇದೆ. ಬಿದ್ಕೊಂಡು ಬಿದ್ಕೊಂಡು ಸೋಮಾರಿ ಆಗಿದಾಳೆ. ನಾಲ್ಕು ಮಾತು ಗಟ್ಟಿಯಾಗಿ ಹೇಳು.”

ಪೇಚ್ಚಿ ನಾಲ್ಕಲ್ಲ, ನಲವತ್ತು ಹೇಳಿದಳು. “ನಾನೂ ಎರಡು ಕಳ್ಕೊಂಡೆ ಕಣೇ, ಮೂರನೇ ದಿನಕ್ಕೆ ಬುಟ್ಟಿ ಹೊತ್ತೆ. ನಿನ್ನದೇನು ಊರಿಗಿಲ್ಲದ್ದು?” ಅಂದಳು. ಹಿಂದಿನ ಮಳೆಗಾಲದಲ್ಲಿ ಉಲಗಮ್ಮಾಳಿಗೆ ತುಂಬು ಬಸಿರು ಹೋಗಿತ್ತು. ಅದಕ್ಕೆ ಕೆಲವೇ ತಿಂಗಳ ಮೊದಲು ತಾಯಿ ತೀರಿಕೊಂಡಿದ್ದಳು. ಹತ್ತಿರ ಕೂತು ಅದರ ಮಾತೆತ್ತಿದವರು ಒಬ್ಬರೂ ಇಲ್ಲ. ಎತ್ತಿದರೆ ನೋವಾದೀತು ಅಂತ ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು.

ಬೈದದ್ದು ಗೋಡೆಗೆ ಬೈದ ಹಾಗಾಯಿತು. “ಹೌದತ್ತೆ, ನಂದೇ ತಪ್ಪು,” ಅಂದಳು ಉಲಗಮ್ಮಾಳ್, ಗೋಡೆಗೇ.

ಪೇಚ್ಚಿ ಆಗ ನಿರ್ಧಾರ ಮಾಡಿದಳು. ಬರುವ ಮಂಗಳವಾರ ಇವಳನ್ನು ಕೋಡಾಂಗಿಯ ಹತ್ತಿರ ಕರೆದುಕೊಂಡು ಹೋಗುವುದು. ಕೋಡಾಂಗಿ ಅಂದರೆ ಉಡುಕೆಯೆಂಬ ಡಮರು ಬಾರಿಸಿ ದೆವ್ವ ಬಿಡಿಸುವವನು. ಉಪವಾಸ ಕೆಡವುತ್ತಾನೆ, ಬೇವಿನ ಬರಲಲ್ಲಿ ಬಾರಿಸುತ್ತಾನೆ, ಕೂದಲು ಹಿಡಿದು ಮರಕ್ಕೆ ಕಟ್ಟುತ್ತಾನೆ. ಬಿಡದಿದ್ದರೆ ಇನ್ನಷ್ಟು ಬಾರಿಸುತ್ತಾನೆ.

“ಅವಳ ಮೈಯಲ್ಲಿ ಬಾರಿಸೋಕೆ ಏನಿದೆ ಪೇಚ್ಚಿ?” ಅಂದಳು ಚೆಲ್ಲಕ್ಕನಿ. “ಒಂದೇಟು ಬಿದ್ರೆ ಮುರಿದು ಬೀಳ್ತಾಳೆ.”

ಚೆಲ್ಲಕ್ಕನಿ ಆಗರದ ದಡದಲ್ಲಿ ಪದನೀರು ಮಾರುವವಳು. ಗಂಡ ತಂಗಪಾಂಡಿ ತಾಳೆಮರ ಹತ್ತಿ ಇಳಿಸುತ್ತಾನೆ, ಇವಳು ತಾಳೆಗರಿಯ ದೊನ್ನೆಯಲ್ಲಿ ಹೊಯ್ದು ಕೊಡುತ್ತಾಳೆ. ಅವಳಿಗೂ ಪೇಚ್ಚಿಗೂ ಚಿಕ್ಕಂದಿನಿಂದ ಜಗಳ, ಚಿಕ್ಕಂದಿನಿಂದ ಸ್ನೇಹ.

“ಏಟು ಬೀಳೋದು ಅವಳಿಗಲ್ಲ ಕಣೇ, ಒಳಗಿರೋದಕ್ಕೆ,” ಅಂದಳು ಪೇಚ್ಚಿ.

“ಹಾಗಾದ್ರೆ ಬಾಸುಂಡೆ ಬರೋದು ಯಾರ ಮೈ ಮೇಲೆ?”

“ನಿನಗೇನು ಗೊತ್ತು. ಉಪ್ಪು ತಿನ್ನಲ್ಲ ಅವಳು. ಅದೇ ಸಾಕ್ಷಿ.”

“ನನ್ನ ಗಂಡನೂ ಒಂದು ವರ್ಷ ಮರ ಹತ್ತಲಿಲ್ಲ. ಮರ ತಬ್ಬಿಕೊಂಡು ಕೆಳಗೇ ನಿಂತಿರ್ತಿದ್ದ. ಮೈಯೆಲ್ಲ ಬೆವರು, ಎದೆ ಢವಢವ. ನೆನಪಿದೆಯಾ?”

“ಇಲ್ಲದೆ ಏನು? ಆ ಮರದಲ್ಲಿ ಮುನಿ ಅನ್ನೋ ದೆವ್ವ ಇತ್ತು. ನೀವು ತಿರುಚ್ಚೆಂದೂರಿಗೆ ಹರಕೆ ಹೊತ್ತು ಹೋಗಿ ಬಂದ್ರಿ, ಬಿಡ್ತು.”

ಚೆಲ್ಲಕ್ಕನಿ ಆ ಕಡೆ ಈ ಕಡೆ ನೋಡಿದಳು. “ತಿರುಚ್ಚೆಂದೂರಿಗೆ ಅಲ್ಲ ನಾವು ಹೋಗಿದ್ದು. ತೂತುಕುಡಿ ದೊಡ್ಡಾಸ್ಪತ್ರೆಗೆ. ಮನಸ್ಸಿನ ಡಾಕ್ಟರ ಹತ್ರ. ಊರಿಗೆ ತಿಳಿದ್ರೆ ಹುಚ್ಚ ಅಂತಾರೆ ಅಂತ ದಾರೀಲಿ ವಿಭೂತಿ ಕೊಂಡು ತಂದು ಎಲ್ಲರಿಗೂ ಹಂಚಿದೆ. ನಿನಗೂ ಕೊಟ್ಟೆ.”

“ಅಯ್ಯೋ ಪಾಪಿ! ಆ ವಿಭೂತೀನ ನಾನು ಇನ್ನೂ ದೇವರ ಗೂಡಲ್ಲಿಟ್ಟಿದೀನಿ!”

“ಇರಲಿ ಬಿಡು. ವಿಭೂತಿ ವಿಭೂತಿನೇ.”

ಪೇಚ್ಚಿ ನಕ್ಕಳು. ಆದರೆ ಮನಸ್ಸು ಬದಲಾಗಲಿಲ್ಲ. ಗಂಡಸು ಮರಕ್ಕೆ ಹೆದರುವುದು ಬೇರೆ, ಹೆಂಗಸು ಉಪ್ಪು ಬಿಡುವುದು ಬೇರೆ. ಮಂಗಳವಾರ ಅಂದರೆ ಮಂಗಳವಾರ.

ಸೋಮವಾರ ಕೆಲಸ ಮುಗಿಯುವುದು ತಡವಾಯಿತು. ಉಳಿದವರೆಲ್ಲ ಹೋಗಿದ್ದರು. ಪೇಚ್ಚಿ ಸಿಂಬೆ ಬಿಚ್ಚಿ ಬೆವರು ಒರೆಸಿಕೊಂಡು ಏರಿಯ ಮೇಲೆ ನಡೆದಳು. ಖಾಲಿ ಮಡಕೆ ಸೊಂಟಕ್ಕಿಟ್ಟುಕೊಂಡು ಚೆಲ್ಲಕ್ಕನಿ ಜೊತೆಗೆ ಬಂದಳು. ಎರಡೂ ಕಡೆ ಪಾತಿಗಳು. ನೀರು ಅಲುಗದೆ ಬಿದ್ದಿತ್ತು, ಮುಗಿಲು ಅದರೊಳಗೆ ಅಲುಗದೆ ಬಿದ್ದಿತ್ತು. ಇಬ್ಬರ ನೆರಳೂ ಕಾಲ ಕೆಳಗೆ ಮುದುಡಿ ಮಾಯವಾಗಿತ್ತು. ಮುಂದೆ ತಾಳೆಗರಿ ಹೊದಿಸಿದ ಉಪ್ಪಿನ ರಾಶಿಗಳು ಸಾಲಾಗಿ, ಮುಸುಕು ಹಾಕಿ ಮಲಗಿದವರ ಹಾಗೆ.

“ಅತ್ತೇ…”

ಪೇಚ್ಚಿಯ ಕಾಲು ನೆಲಕ್ಕೆ ಅಂಟಿತು. ಚೆಲ್ಲಕ್ಕನಿ ಬಾಯಿ ತೆರೆದಳು. ಪೇಚ್ಚಿ ಥಟ್ಟನೆ ಅವಳ ಬಾಯಿಗೆ ಅಂಗೈ ಒತ್ತಿದಳು. ಉಪ್ಪು ಮೆತ್ತಿದ ಅಂಗೈ.

ಗಾಳಿ ನಿಂತುಹೋಗಿತ್ತು. ಎಲ್ಲೋ ಉಪ್ಪಿನ ಹೆಪ್ಪು ಬಿಸಿಲಿಗೆ ಟಿಕ್ ಅಂತ ಒಡೆಯಿತು.

“ಅತ್ತೇ…”

ಈ ಸಲ ಹತ್ತಿರದಲ್ಲೇ. ಪೇಚ್ಚಿ ಕಣ್ಣು ಮುಚ್ಚಿ ಕಾದಳು. ಚೆಲ್ಲಕ್ಕನಿಯೂ ಕಾದಳು. ಮೂರನೆಯದು ಬರಲಿಲ್ಲ.

ಬಂದದ್ದು ಕೆಮ್ಮು. ಸಣ್ಣ, ಒಣ ಕೆಮ್ಮು.

ಚೆಲ್ಲಕ್ಕನಿ ಪೇಚ್ಚಿಯ ಕೈ ಕಿತ್ತು ಹಾಕಿದಳು. “ಪೇಚ್ಚಿ,” ಅಂದಳು ಮೆಲ್ಲಗೆ, “ದೆವ್ವಕ್ಕೆ ಕೆಮ್ಮು ಬರುತ್ತಾ?”

ಪೇಚ್ಚಿ ಬೇಡ ಬೇಡ ಅನ್ನುತ್ತಿದ್ದ ಹಾಗೇ ಚೆಲ್ಲಕ್ಕನಿ ಮಡಕೆ ಇಳಿಸಿ ಆ ಕಡೆಗೆ ನಡೆದಳು. ಒಬ್ಬಳೇ ನಿಲ್ಲುವುದು ಇನ್ನೂ ಭಯ; ಪೇಚ್ಚಿಯೂ ಅವಳ ಸೆರಗು ಹಿಡಿದು ಹೋದಳು. ಎರಡನೇ ರಾಶಿಯ ಹಿಂದೆ, ತಾಳೆಗರಿಗೆ ಒರಗಿ, ಬೆಳ್ಳಗಿನ ಒಂದು ಆಕಾರ ಕೂತಿತ್ತು. ಕಾಲಿಗೆ ಉಪ್ಪು, ಸೀರೆಗೆ ಉಪ್ಪು, ಕೂದಲಿಗೆ ಉಪ್ಪಿನ ಪುಡಿ. ಕಣ್ಣು ಮಾತ್ರ ಕಪ್ಪು.

ಉಲಗಮ್ಮಾಳ್.

“ನೀನಾ?” ಅಂದಳು ಪೇಚ್ಚಿ. “ಇಷ್ಟು ದಿನ ಕರೀತಿದ್ದಿದ್ದು ನೀನಾ?”

“ಮಧ್ಯಾಹ್ನ ಆದ್ರೆ ಮನೇಲಿ ಇರೋಕಾಗಲ್ಲ ಅತ್ತೆ. ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ಈಗ ಏನೋ ಆಗಿಬಿಡುತ್ತೆ, ಈಗ ಏನೋ ಆಗಿಬಿಡುತ್ತೆ ಅಂತ. ಅದಕ್ಕೇ ನಿಮ್ಮ ಹತ್ರ ಬರೋಣ ಅಂತ ಬರ್ತೀನಿ. ಇಲ್ಲಿವರೆಗೆ ಬರೋಷ್ಟರಲ್ಲಿ ಕಾಲು ಸೋತುಹೋಗುತ್ತೆ.”

“ಇನ್ನೊಂದು ಸಲ ಕರೀಬೇಕಿತ್ತಲ್ಲೇ! ಹೇಳಿರಲಿಲ್ವಾ ನಿನಗೆ, ಮೂರು ಸಲ ಕರೀಬೇಕು ಅಂತ?”

ಉಲಗಮ್ಮಾಳ್ ಅತ್ತೆಯ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದ್ದು.

“ಆಗಲಿಲ್ಲ ಅತ್ತೆ. ಎರಡು ಸಲಕ್ಕೇ ಉಸಿರು ಮುಗಿದುಹೋಗುತ್ತೆ.”

ಪೇಚ್ಚಿ ಅವಳೆದುರು ಉಪ್ಪಿನ ಮೇಲೇ ಕೂತಳು.

ಚೆಲ್ಲಕ್ಕನಿ ಉಲಗಮ್ಮಾಳ ಪಕ್ಕ ಕೂತು, ಅವಳ ತಣ್ಣಗಿನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು. ಸುತ್ತಿ ಬಳಸಿ ಮಾತಾಡದೆ ನೇರ ಕೇಳಿದಳು. “ತಾಯಿ, ಸಾಯಬೇಕು ಅನ್ನಿಸುತ್ತಾ?”

“ಏ ಕನಿ! ಅಂಥ ಮಾತು ಬಾಯಲ್ಲಿ ಆಡ್ತಾರಾ?” ಅಂದಳು ಪೇಚ್ಚಿ.

“ನಾವು ಆಡದಿದ್ರೆ ಅವಳೊಬ್ಬಳೇ ಆಡ್ಕೋತಾಳೆ, ಒಳಗೊಳಗೇ. ಹೇಳು ತಾಯಿ.”

“ಸಾಯಬೇಕು ಅಂತಲ್ಲ ಚಿಕ್ಕಮ್ಮ. ಇರಬಾರದಿತ್ತು ಅಂತ,” ಅಂದಳು ಉಲಗಮ್ಮಾಳ್. ಅಂದವಳೇ ಅತ್ತಳು. ಮಳೆಗಾಲದಿಂದ ಒಳಗೇ ನಿಂತಿದ್ದ ನೀರು. ಪೇಚ್ಚಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಆ ಕೂದಲ ಉಪ್ಪೆಲ್ಲ ತನ್ನ ರವಿಕೆಗೆ ಮೆತ್ತುವ ಹಾಗೆ.

ಅವತ್ತು ಸೊಸೆಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಮಂಗಳವಾರ ಬೆಳಗಾಯಿತು. ಕೋಡಾಂಗಿಯ ಊರಿನ ಬಸ್ಸು ಬಂತು, ಹೋಯಿತು. ಮೂವರು ಹೆಂಗಸರು ತೂತುಕುಡಿಯ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಇದ್ದದ್ದು ಯಾಳಿನಿ ಅನ್ನುವ ಡಾಕ್ಟರಮ್ಮ. ಉಲಗಮ್ಮಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿಸಿದರು. ಹೊರಗಿನ ಬೆಂಚಿನಲ್ಲಿ ಪೇಚ್ಚಿಗೆ ಮುಳ್ಳಿನ ಮೇಲೆ ಕೂತ ಹಾಗೆ.

“ಇಷ್ಟು ಹೊತ್ತು ಏನು ಕೇಳ್ತಿದಾರೆ ಅವಳನ್ನ?”

“ನೀನು ಕೇಳದೇ ಇದ್ದದ್ದನ್ನ,” ಅಂದಳು ಚೆಲ್ಲಕ್ಕನಿ.

ಪೇಚ್ಚಿಯನ್ನು ಒಳಗೆ ಕರೆದಾಗ ಅವಳು ಕೂರುವ ಮೊದಲೇ ಶುರುಮಾಡಿದಳು. “ಡಾಕ್ಟ್ರಮ್ಮ, ಇದು ಹುಚ್ಚಾ, ಗಾಳಿನಾ? ಒಂದು ಹೇಳಿಬಿಡಿ.”

“ಎರಡೂ ಅಲ್ಲಮ್ಮ. ಕಾಯಿಲೆ. ಖಿನ್ನತೆ ಅಂತಾರೆ. ಜೊತೆಗೆ ಆತಂಕದ ಕಾಯಿಲೆಯೂ ಸೇರಿಕೊಂಡಿದೆ. ಎರಡೂ ಅಕ್ಕತಂಗಿಯರ ಹಾಗೆ, ಬಹಳ ಸಲ ಜೊತೆಗೇ ಬರ್ತಾವೆ.”

“ಕಾಯಿಲೆ ಅಂದ್ರೆ ಜ್ವರ ಬೇಕಲ್ಲ? ಇವಳ ಮೈ ತಣ್ಣಗಿದೆ. ಮತ್ತೆ ಉಪ್ಪು? ಉಪ್ಪು ಯಾಕೆ ಬಿಟ್ಟಳು?”

“ಬಿಟ್ಟಿಲ್ಲ. ರುಚಿಯೇ ಹತ್ತುತ್ತಿಲ್ಲ. ಈ ಕಾಯಿಲೇಲಿ ಮೊದಲು ಹೋಗೋದೇ ರುಚಿ. ಊಟದ್ದಿರಲಿ, ಹಾಡಿಂದಿರಲಿ, ಜನರದ್ದಿರಲಿ. ಕೆಲವರಿಗೆ ಹಸಿವೇ ಸತ್ತುಹೋಗುತ್ತೆ, ಕೆಲವರು ಹೊತ್ತುಗೊತ್ತಿಲ್ಲದೆ ತಿಂತಾರೆ. ಬೆಳಗಿನ ಜಾವಕ್ಕೇ ಎಚ್ಚರ ಆಗಿಬಿಡುತ್ತೆ ಅಂದ್ಲಲ್ಲ, ಅದೂ ಇದರದೇ ಗುರುತು. ಮಾತು ನಿಧಾನ ಆಗೋದು, ತಲೆ ಬಾಚೋಕೂ ಕೈ ಏಳದೇ ಇರೋದು, ಎಲ್ಲಾ ನನ್ನದೇ ತಪ್ಪು ಅನ್ನಿಸೋದು.”

“ಆ ನಡುಕ?”

“ಅದು ಆತಂಕ. ನಿಮ್ಮ ಬೀದೀಲಿ ನಾಯಿ ಇರುತ್ತಲ್ಲ, ಕಳ್ಳ ಬಂದ್ರೆ ಬೊಗಳುತ್ತೆ. ಇವಳ ಒಳಗಿನ ನಾಯಿ ಕಳ್ಳ ಇಲ್ಲದಿದ್ರೂ ಬೊಗಳ್ತಿದೆ. ಅದಕ್ಕೇ ಎದೆ ಹೊಡ್ಕೊಳ್ಳೋದು, ಕೈಕಾಲು ಜೋಮು ಹಿಡಿಯೋದು, ಉಸಿರು ಕಟ್ಟಿದ ಹಾಗಾಗೋದು. ಅವಳು ನಾಟಕ ಆಡ್ತಿಲ್ಲ. ಅವಳಿಗೆ ಆಗ ನಿಜವಾಗಿಯೂ ಸತ್ತೇ ಹೋಗ್ತೀನಿ ಅನ್ನಿಸುತ್ತೆ.”

ಪೇಚ್ಚಿಯ ಕಣ್ಣ ಮುಂದೆ ಆಗರದಲ್ಲಿ ಎದೆ ಹಿಡಿದು ನಿಂತ ಸೊಸೆ ಬಂದಳು. ಅವತ್ತು ‘ಕೆಲಸಗಳ್ಳಿ’ ಅಂದಿದ್ದು ಮೇಸ್ತ್ರಿ ಒಬ್ಬನೇ ಅಲ್ಲ.

“ಯಾರಿಂದ ಬಂತು ಇದು?” ಅಂದಳು ಸಣ್ಣಗೆ. “ನಾನು ಬೈದದ್ದಕ್ಕಾ? ಮಗು ಹೋದದ್ದಕ್ಕಾ? ಅವಳ ಅಮ್ಮನೂ ಒಂದು ಕಾಲದಲ್ಲಿ ಹೀಗೇ ಗೋಡೆ ನೋಡ್ತಾ ಕೂತಿರ್ತಿದ್ದಳಂತೆ, ಅದಕ್ಕಾ?”

ಡಾಕ್ಟರಮ್ಮ ಅವಳ ಕಡೆ ಕುರ್ಚಿ ಎಳೆದುಕೊಂಡರು. “ಅಮ್ಮಾ, ನೀವು ಉಪ್ಪಿನವರು. ಉಪ್ಪು ಯಾವುದರಿಂದ ಆಗುತ್ತೆ? ಕಡಲಿಂದಲೋ, ಬಿಸಿಲಿಂದಲೋ, ಗಾಳಿಯಿಂದಲೋ?”

“ಇದೇನು ಕೇಳೋ ಮಾತಾ? ಎಲ್ಲಾ ಕೂಡಿದ್ರೇ ಉಪ್ಪು. ಯಾವುದೂ ಒಂದೇ ಆದ್ರೆ ಕಟ್ಟಲ್ಲ.”

“ಇದೂ ಹಾಗೇ. ಮಗು ಹೋದ ದುಃಖ, ತಾಯಿ ಹೋದ ದುಃಖ, ಗಂಡ ಊರಲ್ಲಿಲ್ಲ, ಹೇಳಿಕೊಳ್ಳೋಕೆ ಒಬ್ಬರಿಲ್ಲ. ಮನೆತನದಲ್ಲಿ ಬಂದಿರಬಹುದು, ಹೆರಿಗೆ ಬಸಿರಿನ ಸಮಯದಲ್ಲಿ ಮೈಯೊಳಗೆ ಆಗೋ ಏರುಪೇರೂ ಇರಬಹುದು. ಯಾರೋ ಒಬ್ಬರ ತಪ್ಪಲ್ಲ. ಅವಳದಂತೂ ಅಲ್ಲವೇ ಅಲ್ಲ. ರಕ್ತ ಕಮ್ಮಿ ಇದ್ರೂ, ಥೈರಾಯ್ಡ್ ಕೆಟ್ರೂ ಹೀಗೇ ಕಾಣುತ್ತೆ, ಅದಕ್ಕೆ ಪರೀಕ್ಷೆಗೆ ಬರೆದಿದೀನಿ.”

ಪೇಚ್ಚಿ ತನ್ನ ಅಂಗೈ ನೋಡಿಕೊಂಡಳು. “ಅಲುಗಿಸದೆ ಬಿಟ್ಟ ನೀರು ಬೇಗ ಗಟ್ಟಿ ಕಟ್ಟುತ್ತೆ ಡಾಕ್ಟ್ರಮ್ಮ. ಅದಕ್ಕೇ ನಾವು ದಿನಾ ಪಾತಿಗೆ ಇಳಿದು ಹಲಗೆ ಎಳೆಯೋದು. ಇವಳನ್ನ ನಾವು ಮುಟ್ಟಲೇ ಇಲ್ಲ. ಮಗೂನ ಮಾತು ಎತ್ತಬಾರದು ಅಂತ ಸುಮ್ಮನಿದ್ವಿ.”

“ಇನ್ನು ಮುಂದೆ ಎತ್ತಿ. ಅವಳು ಹೇಳಿದರೆ ಕೇಳಿಸಿಕೊಳ್ಳಿ. ಬುದ್ಧಿವಾದ ಬೇಡ. ಮಾತ್ರೆ ಕೊಡ್ತೀನಿ. ಕೆಲಸ ಮಾಡೋಕೆ ಕೆಲವು ವಾರ ಬೇಕು. ಸ್ವಲ್ಪ ಗೆಲುವಾದಳು ಅಂತ ನೀವೇ ನಿಲ್ಲಿಸಬೇಡಿ. ವಾರವಾರ ಇಲ್ಲಿ ಬಂದು ಮಾತಾಡಿ ಹೋಗ್ಲಿ. ಇರಬಾರದಿತ್ತು ಅನ್ನೋ ಮಾತು ಇನ್ನೊಮ್ಮೆ ಬಂದ್ರೆ ವಾರ ಕಾಯಬೇಡಿ, ಅವಳನ್ನ ಒಬ್ಬಳೇ ಬಿಡಬೇಡಿ, ಆಗಲೇ ಕರ್ಕೊಂಡು ಬನ್ನಿ.”

ಬಸ್ಸಿನಲ್ಲಿ ವಾಪಸು ಬರುವಾಗ ಚೆಲ್ಲಕ್ಕನಿ ಕೇಳಿದಳು, “ಊರಿಗೆ ಹಂಚೋಕೆ ವಿಭೂತಿ ಕೊಳ್ಳಬೇಕಾ?”

“ಬೇಡ,” ಅಂದಳು ಪೇಚ್ಚಿ. “ಕೇಳಿದವರಿಗೆ ಆಸ್ಪತ್ರೆಗೆ ಹೋಗಿದ್ವಿ ಅಂತೀನಿ. ಇದರಲ್ಲಿ ಮುಚ್ಚಿಡೋದೇನಿದೆ?”

ಮಾತ್ರೆ ತಿಂದ ಮಾರನೇ ದಿನ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಬಾಯಿ ಒಣಗಿತು, ತಲೆ ತಿರುಗಿತು. “ಇದು ಬೇಡ ಅತ್ತೆ,” ಅಂತ ಉಲಗಮ್ಮಾಳ್ ಮಾತ್ರೆ ಉಗಿದದ್ದೂ ಉಂಟು. ಆಗ ಚೆಲ್ಲಕ್ಕನಿ ತನ್ನ ಗಂಡನನ್ನೇ ಕರೆತಂದಳು. ತಂಗಪಾಂಡಿ ಮಾತು ಕಮ್ಮಿಯ ಮನುಷ್ಯ. ಹೊಸ್ತಿಲ ಹೊರಗೆ ನಿಂತು, “ನನಗೂ ಹಂಗೇ ಆಯ್ತಮ್ಮ. ಡಾಕ್ಟರಿಗೆ ಹೇಳಿದೆ, ಬದಲಾಯಿಸಿ ಕೊಟ್ರು. ಈಗ ಮರ ಹತ್ತುತೀನಿ,” ಅಂದು ಹೊರಟುಹೋದ. ಅಷ್ಟು ಮಾತಾಡಿದ್ದಕ್ಕೆ ಅವನಿಗೆ ಬೆವರು ಬಂದಿತ್ತು.

ಸುಡಲೈಮುತ್ತು ಬಂದವನು ಮೊದಲು ಕೂಗಾಡಿದ. ಅಮ್ಮ ಅವನನ್ನು ಹೆಂಡತಿಯ ಮುಂದೆ ಕೂರಿಸಿ, “ಮಗೂಗೆ ಏನು ಹೆಸರಿಡಬೇಕು ಅಂದ್ಕೊಂಡಿದ್ದೆ ಅಂತ ಅವಳಿಗೆ ಹೇಳು,” ಅಂದು ಬಾಗಿಲು ಎಳೆದುಕೊಂಡಳು. ಆಮೇಲೆ ಒಳಗಿಂದ ಅತ್ತದ್ದು ಕೇಳಿಸಿತು, ಎರಡು ದನಿ.

ಒಂದು ಮಧ್ಯಾಹ್ನ ಪೇಚ್ಚಿ ಏರಿಯ ಮೇಲೆ ಕೂತು ಒಣಮೀನು ನಂಚಿಕೊಂಡು ಗಂಜಿ ಕುಡಿಯುತ್ತಿದ್ದಳು. ದೂರದಿಂದ “ಅತ್ತೇ!” ಅಂತ ಕರೆ ಬಂತು. ಮೊದಲ ಕೂಗು. ಉಳಿದ ಹೆಂಗಸರು ಬೆಚ್ಚಿ ಕೂತರು. ಪೇಚ್ಚಿ ಬಾಯಲ್ಲಿದ್ದ ತುತ್ತನ್ನೂ ನುಂಗದೆ, “ಓ…ಯ್!” ಅಂತ ಇಡೀ ಆಗರ ಬೆಚ್ಚುವ ಹಾಗೆ ಓಗೊಟ್ಟಳು.

ಬಿಸಿಲ್ಗುದುರೆಯೊಳಗಿಂದ ಉಲಗಮ್ಮಾಳ್ ಬಂದಳು. ಮೊದಲು ಸೊಂಟದಿಂದ ಮೇಲೆ, ಆಮೇಲೆ ಕಾಲು. ತಲೆ ಬಾಚಿದ್ದಳು. ಕೈಯಲ್ಲಿ ತಟ್ಟೆ ಇತ್ತು.

“ಏನತ್ತೆ ಇದು, ಬೆಳಿಗ್ಗೆ ಮಾಡಿಟ್ಟು ಬಂದ ಸಾರು? ಬಾಯಿಗಿಡೋ ಹಾಗಿಲ್ಲ. ಎಷ್ಟು ಉಪ್ಪು ಸುರಿದಿದೀರಿ!”

ಪೇಚ್ಚಿ ತಟ್ಟೆಗೆ ಬೆರಳಿಟ್ಟು ನೆಕ್ಕಿದಳು. ಉಪ್ಪು ಹೆಚ್ಚಾಗಿದ್ದದ್ದು ನಿಜ. ಅವಳಿಗೆ ನಗು ತಡೆಯಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದೂ ಉಪ್ಪು.

ಆ ನಗು ಇನ್ನೂ ನಿಂತಿರಲಿಲ್ಲ.

“ಅತ್ತೇ…”

ಎಲ್ಲರೂ ಕೇಳಿಸಿಕೊಂಡರು. ಉಲಗಮ್ಮಾಳ್ ಇಲ್ಲೇ ಇದ್ದಾಳೆ, ಬಾಯಿ ಮುಚ್ಚಿಕೊಂಡು, ತಟ್ಟೆ ಹಿಡಿದುಕೊಂಡು. ದನಿ ಪಾತಿಗಳ ಆಚೆಯಿಂದ ಬಂದಿತ್ತು, ಹಳೆಯ ರಾಶಿಗಳ ಕಡೆಯಿಂದ. ಸಣ್ಣ, ಒಡೆದ ದನಿ.

ಪೇಚ್ಚಿಗೆ ಆ ಒಂದು ಗಳಿಗೆಯಲ್ಲಿ ಪೂರಣಂ ನೆನಪಾದಳು. ಆ ಮಧ್ಯಾಹ್ನ ಕರೆದದ್ದು ದೆವ್ವ ಅಂತ ಇಷ್ಟು ವರ್ಷ ನಂಬಿದ್ದರು. ಪೂರಣಂ ಓಗೊಟ್ಟು ಹೋದವಳಲ್ಲ. ಕರೆದವಳೇ ಅವಳಿರಬೇಕು. ಆಗ ಅವಳಿಗೆ ಜೀವ ಇತ್ತು. ಎರಡು ಸಲ ಕರೆದಳು, ಇಡೀ ಆಗರ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾಯುತ್ತಾ ನಿಂತಿತ್ತು.

ಪೇಚ್ಚಿ ಎದ್ದಳು.

“ಬೇಡಕ್ಕಾ,” ಅಂದಳು ಒಬ್ಬಳು. “ಇನ್ನೂ ಒಂದೇ ಸಲ ಕರೆದಿದ್ದು. ಯಾರೋ ಏನೋ.”

“ಜೀವ ಇರೋರಾದ್ರೆ ನಾನು ಈಗ ಬೇಕು,” ಅಂದಳು ಪೇಚ್ಚಿ ಸಿಂಬೆ ಕೊಡವುತ್ತಾ. “ಜೀವ ಇಲ್ಲದೋರಾದ್ರೆ, ಪಾಪ, ಅವತ್ತು ಜೀವ ಇದ್ದಾಗಲೇ ನಾನು ಬೇಕಾಗಿತ್ತು.”

ಆಮೇಲೆ ಬಾಯಿಗೆ ಎರಡೂ ಕೈ ಅಡ್ಡ ಇಟ್ಟು, “ಓ… ಬಂದೆ ತಾಯಿ! ಅಲ್ಲೇ ಇರು!” ಅಂತ ಕೂಗಿ, ಬೆಳ್ಳಗೆ ಉರಿಯುವ ಏರಿಯ ಮೇಲೆ ನಡೆದಳು. ಉಲಗಮ್ಮಾಳ್ ತಟ್ಟೆ ಕೆಳಗಿಟ್ಟು ಅತ್ತೆಯ ಹಿಂದೆಯೇ ಹೊರಟಳು. ಬಿಸಿಲ್ಗುದುರೆ ಇಬ್ಬರನ್ನೂ ಮೆಲ್ಲಗೆ ನೆಲದಿಂದ ಎತ್ತಿಕೊಂಡಿತು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲಿ ಉಪ್ಪಿನಾಗರ ಇಲ್ಲದಿರಬಹುದು. ಆದರೆ ಮನೆಯಲ್ಲಿ ಗೋಡೆ ನೋಡುತ್ತಾ ಕೂತವರು ಇರಬಹುದು. ನಗುತ್ತಿದ್ದವರು ನಗು ಮರೆತಿರಬಹುದು, ಸುಮ್ಮಸುಮ್ಮನೆ ಸಿಡುಕುತ್ತಿರಬಹುದು, ನಿದ್ದೆ ಹಸಿವು ಕೆಟ್ಟಿರಬಹುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿರಬಹುದು, ಮೈಕೈ ನೋವು ಅಂತ ಊರೂರು ಡಾಕ್ಟರನ್ನು ಸುತ್ತಿ ಬಂದಿರಬಹುದು. ಹೀಗೆ ಎರಡು ವಾರ ದಾಟಿದರೆ ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದಲ್ಲ, ಪಾಪದ ಫಲವಲ್ಲ. ವಾಸಿಯಾಗುವ ಕಾಯಿಲೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಆ ಗೋಡೆ ನೋಡುತ್ತಾ ಕೂತವರು ನೀವೇ ಆಗಿದ್ದರೆ, ಒಂದೇ ಒಂದು ಸಲ, ಸಣ್ಣ ದನಿಯಲ್ಲಾದರೂ ಸರಿ, ಯಾರನ್ನಾದರೂ ಕರೆಯಿರಿ.

ಕರೆ ಕೇಳಿಸಿದವರು ಯಾರೇ ಆಗಿರಿ, ಮೂರನೆಯ ಕೂಗಿಗೆ ಕಾಯಬೇಡಿ.